ಹೆಬ್ಬಾವು, ಜಡೆ, ಪಟ್ಟಿ, ಬಡಪಾಯಿ

ಕಾರು ಕಲಿಯಲು ಬಂದವರು ಒಂದು ಸಲ ಗೇರು ಬದಲಿಸಲಿ ಸಾಕು, ಆ ಸದ್ದಿನಲ್ಲೇ ಅವರ ಜಾತಕ ಬಿಡಿಸಿ ಹೇಳುತ್ತೇನೆ ಎನ್ನುವುದು ಡ್ರೈವಿಂಗ್ ಟೀಚರಮ್ಮನ ಹಳೆಯ ಜಂಬ. ಅದು ಪೂರ್ತಿ ಬಡಾಯಿಯೂ ಆಗಿರಲಿಲ್ಲ. ಬೀದಿಯ ತುದಿಯಲ್ಲಿ ಕಾರೊಂದು ತಿರುಗಿದರೆ ಅಡುಗೆಮನೆಯಲ್ಲಿ ಕೈ ತೊಳೆಯುತ್ತಲೇ, "ಎದುರು ಮನೆಯವರು ಬಂದ್ರು, ಅವರ ಸೈಲೆನ್ಸರ್ ಸಡಿಲಾಗಿದೆ," ಅನ್ನುತ್ತಿದ್ದಳು. ಹೋಗಿ ನೋಡಿದರೆ ಎದುರು ಮನೆಯವರೇ, ಸೈಲೆನ್ಸರೂ ಸಡಿಲವೇ. ಚಿಕ್ಕಂದಿನಲ್ಲಿ ತಾನು ತಿಂಡಿ ಡಬ್ಬದ ಮುಚ್ಚಳ ಎಷ್ಟು ಮೆತ್ತಗೆ ತೆಗೆದರೂ ಮಹಡಿಯಿಂದಲೇ ಗದರಿಸುತ್ತಿದ್ದ ಈ ಅಕ್ಕನಿಗೆ ಅವಳ ತಮ್ಮ ಆನೆಕಿವಿ ಎಂದು ಹೆಸರಿಟ್ಟಿದ್ದ. ಈಗ ಅವನು ಊರಿನಲ್ಲಿ ಹೆಸರು ಮಾಡಿದ ಹಲ್ಲಿನ ಡಾಕ್ಟರು. ಆದರೂ ಆ ಹೆಸರನ್ನು ಮಾತ್ರ ಬಿಟ್ಟಿರಲಿಲ್ಲ.

ಇಡೀ ದಿನ ಹಾರ್ನು, ಬ್ರೇಕು, ಕ್ಲಚ್ಚಿನ ನರಳಾಟ ಕೇಳಿ ಬಂದವಳಿಗೆ ಸಂಜೆ ಹಾಡು ಬೇಕು. ಅದೂ ಹಾಗೆಹೀಗೆ ಅಲ್ಲ, ಹಾಡುವವಳು ಉಸಿರೆಳೆದುಕೊಂಡದ್ದೂ ಕೇಳಬೇಕು. ಅದಕ್ಕಾಗಿ ಒಂದು ವರ್ಷ ಆಂಪ್ಲಿಫಯರ್, ಇನ್ನೊಂದು ವರ್ಷ ಸ್ಪೀಕರ್ ಎಂದು ಒಂದೊಂದೇ ಕೂಡಿಸಿಕೊಂಡಿದ್ದಳು. ಸೊಸೆ ಸ್ಪೀಕರುಗಳನ್ನು ಮನೆಗೆ ತಂದಾಗ ಅವಳ ಮಾವ, "ಇವನ್ನ ನೆಲದ ಮೇಲೆ ಇಡೋದಾ? ನಾನಿದೀನಲ್ಲ!" ಎಂದು ತೋಳು ಮಡಚಿ ಎದ್ದಿದ್ದರು.

ಮಾವ ರೈಲ್ವೆ ಟಿಕೆಟ್ ಕೌಂಟರಿನಲ್ಲಿ ಕೂತು ಆಯುಷ್ಯ ಕಳೆದವರು. ನಿವೃತ್ತಿಯಾದ ಮೇಲೆ ಕೈಗೆ ಉಳಿ, ಸುತ್ತಿಗೆ ಬಂದವು. ಅಂದಿನಿಂದ ಹಿತ್ತಲಿನ ಶೆಡ್ಡಿನಲ್ಲಿ ದಿನವೂ ಕುಟುಕುಟು. ಮನೆಯಲ್ಲಿ ಸ್ಟೂಲು ಹೆಚ್ಚಾದವು, ಗೋಡೆಯಲ್ಲಿ ಶೆಲ್ಫು ಹೆಚ್ಚಾದವು, ನೆಂಟರ ಮನೆಗೆಲ್ಲ ಒಂದೊಂದು ಉಡುಗೊರೆ ಹೋಯಿತು. ಆ ಎಲ್ಲದರ ನಡುವೆ ಅವರ ಕಣ್ಮಣಿ ಎಂದರೆ ಮುಂಭಾಗದ ಕೋಣೆಯಲ್ಲಿದ್ದ ಉದ್ದನೆಯ ಕಪಾಟು. ಮೇಲ್ಗಡೆ ಎರಡು ತುದಿಗೆ ಎರಡು ಸ್ಪೀಕರು, ನಡುವಿನ ಅರೆಯಲ್ಲಿ ಆಂಪ್ಲಿಫಯರು, ಹಿಂಬದಿಯ ಹಲಗೆಯಲ್ಲಿ ವೈರು ಹೊರಗೆ ಬರಲು ಮುಷ್ಟಿಗಾತ್ರದ ತೂತು. ಬಂದವರಿಗೆಲ್ಲ ಮಾವ ಮೊದಲು ಕಪಾಟು ತೋರಿಸುತ್ತಿದ್ದರು. ಕಾಫಿ ಆಮೇಲೆ.

ಇಷ್ಟೆಲ್ಲ ಇದ್ದೂ ಟೀಚರಮ್ಮನಿಗೆ ಒಂದು ಕೊರಗು. ಹಾಡುವವಳು ದನಿ ತಗ್ಗಿಸಿದಾಗ, ಜೊತೆಯಲ್ಲಿ ದಪ್ಪ ತಂತಿಯ ವಾದ್ಯ ಕೆಳಕೆಳಗೆ ಇಳಿದಾಗ, ಏನೋ ಒಂದು ಮಸುಕು. ತುಟಿಗೆ ತೆಳು ಕಾಗದ ಒತ್ತಿಕೊಂಡು ಹಾಡಿದ ಹಾಗೆ. ಅವಳು ಸೀಡಿ ಒರೆಸಿ ನೋಡಿದಳು, ಸ್ಪೀಕರುಗಳನ್ನು ಅತ್ತಿತ್ತ ತಿರುಗಿಸಿ ನೋಡಿದಳು, ಕಿಟಕಿಗೆ ದಪ್ಪ ಪರದೆ ಹಾಕಿ ನೋಡಿದಳು. ಕೊನೆಗೆ, ತಪ್ಪು ಕರೆಂಟಿನದು ಎಂದು ತೀರ್ಮಾನ ಮಾಡಿ ಕೈಚೆಲ್ಲಿದ್ದಳು.

ಹೀಗಿರುವಾಗ ಆಡಿಯೋ ಅಂಗಡಿಯ ಮಾಲೀಕರು ಕಾರು ಕಲಿಯಲು ಅವಳ ಬಳಿ ಬಂದರು. ದೊಡ್ಡ ಮನುಷ್ಯ, ಸಣ್ಣ ಧೈರ್ಯ. ಸ್ಟೀರಿಂಗನ್ನು ಮುಳುಗುವವರು ಹಲಗೆ ಹಿಡಿದಂತೆ ಹಿಡಿಯುತ್ತಿದ್ದರು. ಬಾಯಿ ಮಾತ್ರ ನಿಲ್ಲುತ್ತಿರಲಿಲ್ಲ.

"ಮೇಡಂ, ನಿಮ್ಮ ಆಂಪ್ಲಿಫಯರಿಗೆ ಯಾವ ಪವರ್ ಕಾರ್ಡ್, ಅದೇ ಕರೆಂಟಿನ ವೈರು, ಹಾಕಿದೀರಿ?"

"ಕನ್ನಡಿ ನೋಡಿ, ಆಮೇಲೆ ತಿರುಗಿಸಿ. ಡಬ್ಬದಲ್ಲಿ ಏನು ಬಂತೋ ಅದೇ."

"ಡಬ್ಬದಲ್ಲಿ ಬಂದದ್ದಾ!" ಮಾಲೀಕರು ಎರಡೂ ಕೈ ಸ್ಟೀರಿಂಗಿನಿಂದ ತೆಗೆದು ಹಣೆಗೆ ಒತ್ತಿಕೊಂಡರು. ಕಾರು ಯಾರದೋ ಬೇಲಿಯ ಕಡೆ ನೆಟ್ಟಗೆ ಹೊರಟಿತು. ಟೀಚರಮ್ಮ ತನ್ನ ಕಡೆಯ ಬ್ರೇಕನ್ನು ಒತ್ತಿ ನಿಲ್ಲಿಸಿದಳು.

"ಕೈ ಬಿಡಬೇಡಿ ಅಂತ ಎಷ್ಟು ಸಲ ಹೇಳೋದು?"

"ಕೈ ಬಿಡದೆ ಏನು ಮಾಡ್ಲಿ ಮೇಡಂ? ಅಂಥಾ ಆಂಪ್ಲಿಫಯರಿಗೆ ಆ ದಾರದಂಥ ವೈರು! ಓಟಗಾರನಿಗೆ ಹರಿದ ಚಪ್ಪಲಿ ಹಾಕಿದ ಹಾಗಾಯ್ತು. ನಾಳೆ ಮೂರು ಕಾರ್ಡ್ ತಂದುಕೊಡ್ತೀನಿ. ಮನೇಲಿ ಹಾಕಿ ಕೇಳಿ. ಇಷ್ಟವಾದ್ರೆ ಇಟ್ಕೊಳ್ಳಿ, ಇಲ್ಲಾಂದ್ರೆ ವಾಪಸ್ ಕೊಡಿ. ನನ್ನ ಮಾತು ಬೇಡ, ನಿಮ್ಮ ಕಿವಿ ಹೇಳಲಿ."

ಕಿವಿಯ ಮಾತೆತ್ತಿದರೆ ಟೀಚರಮ್ಮ ಕರಗದೆ ಇರುತ್ತಾಳೆಯೇ?

ಮರುದಿನ ಮೂರು ಕಾರ್ಡುಗಳೂ ಮನೆಗೆ ಬಂದವು. ಮೊದಲನೆಯದು ತೋಟಕ್ಕೆ ನೀರು ಹಾಯಿಸುವ ಪೈಪಿನಷ್ಟು ದಪ್ಪ, ಹೊಳೆಯುವ ಕಪ್ಪು ಬಲೆಯ ಹೊದಿಕೆ, ಬಗ್ಗಿಸಿದರೆ ಮುನಿಸಿಕೊಂಡು ನೆಟ್ಟಗಾಗುತ್ತಿತ್ತು. ಎರಡನೆಯದು ಮೂರೆಳೆ ಹೆಣೆದ ಕೆಂಪು ಬಣ್ಣದ್ದು. ಮೂರನೆಯದು ಸೊಂಟಕ್ಕೆ ಕಟ್ಟುವ ಬೆಲ್ಟಿನ ಹಾಗೆ ಚಪ್ಪಟೆ. ಇವುಗಳ ಪಕ್ಕದಲ್ಲಿ ಡಬ್ಬದೊಂದಿಗೆ ಬಂದಿದ್ದ ಹಳೆಯ ವೈರು ತಲೆ ತಗ್ಗಿಸಿ ಮಲಗಿತ್ತು.

ಮಾವ ಕನ್ನಡಕ ಏರಿಸಿ ಒಂದೊಂದನ್ನೂ ಎತ್ತಿ ನೋಡಿದರು. "ಇದು ಹೆಬ್ಬಾವು. ಇದು ಜಡೆ. ಇದು ಪಟ್ಟಿ. ಇದು..." ಹಳೆಯದನ್ನು ಎತ್ತಿ, "ಪಾಪ, ಬಡಪಾಯಿ," ಅಂದರು. ಆ ಹೊತ್ತಿನಿಂದ ಮನೆಯಲ್ಲಿ ಅವೇ ಹೆಸರು ನಿಂತವು.

ಆ ಸಂಜೆ ಟೀಚರಮ್ಮ ಒಂದಾದ ಮೇಲೊಂದು ಸಿಕ್ಕಿಸಿ ಕೇಳಿದಳು. ಜಡೆಯಲ್ಲಿ ದನಿ ಸ್ವಲ್ಪ ಸಿಹಿಯಾಯಿತೇನೋ ಅನ್ನಿಸಿತು. ಪಟ್ಟಿಯಲ್ಲಿ ಚುರುಕಾಯಿತೇನೋ ಅನ್ನಿಸಿತು. ಹೆಬ್ಬಾವನ್ನು ಸಿಕ್ಕಿಸಿದಾಗ ಮಾತ್ರ ಏನೋ, ಗೀನೋ ಏನೂ ಇರಲಿಲ್ಲ. ಆ ಕಾಗದದ ಮಸುಕು ಮಾಯ! ದಪ್ಪ ತಂತಿ ಕೆಳಗಿಳಿದಾಗ ಕೋಣೆಯ ನೆಲವೇ ಮೆಲ್ಲಗೆ ಗುನುಗಿದ ಹಾಗೆ. ಟೀಚರಮ್ಮ ಕುರ್ಚಿಯಿಂದ ಎದ್ದೇಬಿಟ್ಟಳು.

"ರೀ! ಬನ್ರಿ ಇಲ್ಲಿ! ಕೇಳಿದ್ರಾ?"

ಅವಳ ಗಂಡ ಕನ್ನಡಕದ ಅಂಗಡಿಯವನು. ದಿನವಿಡೀ ಗಾಜು ಬದಲಿಸುತ್ತ, 'ಇದು ಸ್ಪಷ್ಟವಾ, ಅದು ಸ್ಪಷ್ಟವಾ' ಎಂದು ಕೇಳುವುದೇ ಅವನ ಕಸುಬು. ಬಂದು ನಿಂತು ಕೇಳಿದ. "ಚೆನ್ನಾಗಿದೆ ಕಣೆ," ಅಂದ. ಹೆಂಡತಿಯ ಮುಖ ನೋಡಿ, "ತುಂಬಾ ಚೆನ್ನಾಗಿದೆ," ಎಂದು ತಿದ್ದಿಕೊಂಡ.

ಅಷ್ಟಕ್ಕೇ ಸುಮ್ಮನಿದ್ದರೆ ಕಥೆ ಮುಗಿಯುತ್ತಿತ್ತು. ಆದರೆ ಅವಳು ಖುಷಿ ತಡೆಯಲಾರದೆ ತಮ್ಮನಿಗೆ ಫೋನು ಮಾಡಿ ಹೇಳಿದಳು. ಡಾಕ್ಟರು ಬಿದ್ದು ಬಿದ್ದು ನಕ್ಕರು.

"ಅಕ್ಕಾ, ಕರೆಂಟು ಎಲ್ಲೋ ಊರಾಚೆಯಿಂದ ತುಕ್ಕು ಹಿಡಿದ ತಂತೀಲಿ, ಕಾಗೆಗಳ ಕಾಲಡಿ ಓಡಿ ಬರುತ್ತೆ. ನಿನ್ನ ಹೆಬ್ಬಾವು ಬಂತು ಅಂತ ಅದು ಬಾಗಿಲಲ್ಲಿ ಸ್ನಾನ ಮಾಡಿ, ಇಸ್ತ್ರಿ ಬಟ್ಟೆ ಹಾಕ್ಕೊಂಡು ಒಳಗೆ ಬರುತ್ತಾ?"

"ನಿಂಗೇನು ಗೊತ್ತು? ಹಲ್ಲು ಕೊರೆದೂ ಕೊರೆದೂ ನಿನ್ನ ಕಿವಿ ತೂತಾಗಿದೆ."

"ಸರಿ, ಭಾನುವಾರ ಬರ್ತೀನಿ. ಕಣ್ಣು ಕಟ್ಟಿ ಕೂರಿಸ್ತೀವಿ. ಯಾವ ಕಾರ್ಡು ಅಂತ ಬರೀ ಕಿವೀಲಿ ಹೇಳು ನೋಡೋಣ. ಸೋತವರು ಈ ಬೇಸಿಗೆ ಪೂರ್ತಿ ಗೆದ್ದವರ ಕಾರು ತೊಳೀಬೇಕು."

"ಬಕೀಟು ನೀನೇ ತಗೊಂಡ್ಬಾ," ಅಂದಳು ಟೀಚರಮ್ಮ.

ಭಾನುವಾರ ಬೆಳಗ್ಗೆ ತಿಂಡಿ ಮುಗಿಸಿ ಮಾವ ಗೆಳೆಯರ ಜೊತೆ ಚೆಸ್ ಆಡಲು ಪಾರ್ಕಿಗೆ ಹೋದರು. ಡಾಕ್ಟರು ನಿಜವಾಗಿಯೂ ಒಂದು ಬಕೀಟು ಹಿಡಿದು ಬಂದರು. ಒಳಗೆ ಹೊಸ ಸ್ಪಂಜೂ ಇತ್ತು.

ಕನ್ನಡಕದಂಗಡಿಯವನೇ ಪರೀಕ್ಷೆಯ ಯಜಮಾನ. ಈ ವಿಷಯದಲ್ಲಿ ಅವನಿಗೆ ಅನುಭವ ಜಾಸ್ತಿ. "ಅಂಗಡೀಲಿ ನಾನು ಕೆಲವು ಸಲ ಗಾಜು ತೆಗೆದ ಹಾಗೆ ಮಾಡಿ ಅದನ್ನೇ ಹಾಕ್ತೀನಿ," ಅಂದ. "ಆಗಲೂ ಒಬ್ಬೊಬ್ಬರು 'ಆಹಾ, ಈಗ ನೋಡಿ ಸ್ಪಷ್ಟವಾಯ್ತು' ಅಂತಾರೆ. ಅದಕ್ಕೇ ಹೇಳ್ತಿದೀನಿ, ನಾನು ಹಿಂದುಗಡೆ ಕೂತು ಯಾವುದು ಬೇಕಾದ್ರೂ ಹಾಕ್ತೀನಿ. ಒಂದೇ ಕಾರ್ಡು ಮತ್ತೆ ಮತ್ತೆ ಬರಬಹುದು. ನನ್ನ ಕೆಮ್ಮು, ಸೀನು ಯಾವುದರಿಂದಲೂ ಸುಳಿವು ಸಿಗಲ್ಲ. ನೀನು ಬರೀ ಹಾಡು ಕೇಳು."

ಮೂವರೂ ಸೇರಿ ಕಪಾಟನ್ನು ಗೋಡೆಯಿಂದ ಈಚೆಗೆ ಎಳೆದರು. ಹಿಂದೆ ಅವನು ಚಕ್ಕಳಮಕ್ಕಳ ಹಾಕಿ ಕೂರುವಷ್ಟು ಜಾಗವಾಯಿತು. ಟೀಚರಮ್ಮ ತನ್ನ ಕುರ್ಚಿಯಲ್ಲಿ ಕೂತಳು. ಡಾಕ್ಟರು ಅವಳ ಕಣ್ಣಿಗೆ ಟವೆಲು ಕಟ್ಟಿ, "ಬಾಯಿ ತೆಗೀರಿ," ಅಂದರು ಅಭ್ಯಾಸಬಲದಿಂದ. ಆಮೇಲೆ ತಾವೇ ನಕ್ಕರು.

ಹಿಂದಿನಿಂದ ಟಕ್ ಎಂದು ಸ್ವಿಚ್ಚು ಆರಿಸಿದ ಸದ್ದು, ಸರಪರ, ಮತ್ತೆ ಟಕ್. ಹಾಡು ಶುರುವಾಯಿತು. ಟೀಚರಮ್ಮ ತಲೆ ಓರೆ ಮಾಡಿದಳು.

"ಹೆಬ್ಬಾವಲ್ಲ. ಜಡೆ ಇರಬೇಕು."

ಅದು ಬಡಪಾಯಿಯಾಗಿತ್ತು. ಡಾಕ್ಟರು ಬಕೀಟನ್ನು ಬೆರಳಿನಿಂದ ಬಾರಿಸಿದರು.

ಮುಂದಿನ ಸರದಿ. "ಪಟ್ಟಿ," ಅಂದಳು. ಅದು ಜಡೆ. ಮತ್ತೆ ಬಕೀಟು ಸದ್ದು ಮಾಡಿತು. ಟವೆಲಿನ ಕೆಳಗೆ ಟೀಚರಮ್ಮನ ಮೂಗು ಕೆಂಪಾಯಿತು. ಅಂದು ಸಂಜೆ ಸಿಹಿ, ಚುರುಕು ಎಂದೆಲ್ಲ ಕೇಳಿಸಿದ್ದು ಏನು ಹಾಗಾದರೆ? ಕಿವಿ ಕೇಳಿದ್ದೋ, ಕಣ್ಣು ಹೇಳಿಕೊಟ್ಟದ್ದೋ? ಒಳಗೊಳಗೇ ಅಳುಕು ಹತ್ತಿತು.

ಅಷ್ಟರಲ್ಲಿ ಮುಂದಿನದು ಶುರುವಾಯಿತು. ದಪ್ಪ ತಂತಿ ಕೆಳಗಿಳಿಯಿತು. ಟೀಚರಮ್ಮ ಕುರ್ಚಿಯ ತೋಳಿಗೆ ಬಡಿದಳು. "ಹೆಬ್ಬಾವು! ಹಾಡು ನಿಲ್ಲಿಸಿ ಬೇಕಾದ್ರೆ. ಹೆಬ್ಬಾವೇ!"

ಹೆಬ್ಬಾವೇ ಆಗಿತ್ತು.

ಆಮೇಲೆ ಒಂದು ತಮಾಷೆ ನಡೆಯಿತು. ಉಳಿದ ಮೂರನ್ನು ಅವಳು ಕಲಸುಮೇಲೋಗರ ಮಾಡುತ್ತಿದ್ದಳು. ಹೆಬ್ಬಾವು ಬಂದಾಗ ಮಾತ್ರ ಒಮ್ಮೆಯೂ ತಪ್ಪಲಿಲ್ಲ. ಬಂದರೆ 'ಬಂತು' ಅನ್ನುತ್ತಿದ್ದಳು, ಇಲ್ಲದಿದ್ದರೆ 'ಇಲ್ಲ' ಅನ್ನುತ್ತಿದ್ದಳು. ಡಾಕ್ಟರು ಬಕೀಟು ಬಾರಿಸುವುದನ್ನು ನಿಲ್ಲಿಸಿದರು. ಎದ್ದು ಹೋಗಿ, ಭಾವ ಏನಾದರೂ ಸುಳಿವು ಕೊಡುತ್ತಿದ್ದಾರೆಯೇ ಎಂದು ಕಪಾಟಿನ ಹಿಂದೆ ಇಣುಕಿ ನೋಡಿದರು. ಭಾವ ಪಾಪ, ಧೂಳಿನಲ್ಲಿ ಕೂತು ಬೆವರುತ್ತಿದ್ದ.

"ನಂಬೋಕೆ ಆಗ್ತಿಲ್ಲ," ಅಂದರು ಡಾಕ್ಟರು. "ಅಕ್ಕಾ, ಇದು ಹೇಗೆ?"

"ಆನೆಕಿವಿ," ಅಂದಳು ಟೀಚರಮ್ಮ ಗತ್ತಿನಿಂದ. "ನನ್ನ ಕಾರಿನ ಚಕ್ರದ ಸಂದೀಲೂ ಚೆನ್ನಾಗಿ ಉಜ್ಜಬೇಕು, ಗೊತ್ತಾಯ್ತಾ?"

"ಕೊನೇ ಸಲ ಒಂದು."

ಸರಪರ, ಟಕ್. ಹಾಡು ಮೂಡಿತು. ಟೀಚರಮ್ಮ ಕಾಯಲೂ ಇಲ್ಲ. "ಹೆಬ್ಬಾವು," ಎಂದು ತಾನೇ ಟವೆಲು ಕಿತ್ತಳು.

ಕಪಾಟಿನ ಕಡೆ ತಿರುಗಿದಳು.

"ರೀ? ಹೇಳ್ರಿ."

"ಅಲ್ಲ ಕಣೆ," ಎಂಬ ದನಿ ಬಂತು. "ಇದು ಬಡಪಾಯಿ."

ಡಾಕ್ಟರು ಕುಣಿದಾಡಲು ಬಾಯಿ ತೆರೆದರು. ಟೀಚರಮ್ಮ ಕೈ ಎತ್ತಿ ತಡೆದಳು. "ಸಾಧ್ಯವೇ ಇಲ್ಲ. ಈಗಲೂ ಕೇಳ್ತಿದೆಯಲ್ಲ, ಕೇಳು! ಮಸುಕಿಲ್ಲ!" ಅವಳು ಎದ್ದು ಕಪಾಟಿನ ಹಿಂದೆ ಹೋದಳು. ಆಂಪ್ಲಿಫಯರಿಗೆ ಸಿಕ್ಕಿಸಿದ್ದದ್ದು ನಿಜವಾಗಿಯೂ ಆ ದಾರದಂಥ ಹಳೆಯ ವೈರೇ. ಅವಳ ಗಂಡ ಸುಸ್ತಾಗಿ, ಕಾಲು ಚಾಚಿ, ಕಪಾಟಿನ ಹಿಂಬದಿಯ ಹಲಗೆಗೆ ಬೆನ್ನು ಕೊಟ್ಟು ಕೂತಿದ್ದ.

"ಏಳ್ರಿ ಒಂದ್ನಿಮಿಷ," ಅಂದಳು.

ಅವನು ಮುಂದಕ್ಕೆ ಬಾಗಿದ. ತಕ್ಷಣ ಹಾಡಿನೊಳಗೆ ಆ ಕಾಗದ ಬಂದು ಕೂತಿತು.

"ಒರಗಿ."

ಒರಗಿದ. ಕಾಗದ ಹೋಯಿತು.

"ಏಳಿ. ಒರಗಿ. ಏಳಿ."

"ನಾನೇನು ನಿನ್ನ ಕ್ಲಚ್ಚಾ?" ಅಂದ ಅವನು, ಆದರೂ ಹೇಳಿದ ಹಾಗೆ ಮಾಡಿದ.

ಟೀಚರಮ್ಮ ಮಂಡಿಯೂರಿ ಹಲಗೆಯ ಮೇಲೆ ಅಂಗೈ ಇಟ್ಟಳು. ದಪ್ಪ ತಂತಿ ಮಿಡಿದಾಗಲೆಲ್ಲ ಹಲಗೆ ಅವಳ ಕೈಯಡಿ ಸಿಕ್ಕಿಬಿದ್ದ ದುಂಬಿಯ ಹಾಗೆ ಝುಯ್ಯನೆ ನಡುಗಿತು. ಒಂದು ಅಂಚು ಚೌಕಟ್ಟಿನಿಂದ ಬಿಟ್ಟುಕೊಂಡು ಕೂದಲೆಳೆಯಷ್ಟು ಸಂದಾಗಿತ್ತು. ಒತ್ತಿ ಹಿಡಿದರೆ ನಡುಕ ನಿಲ್ಲುತ್ತಿತ್ತು. ಹೆಬ್ಬಾವು ಮಾಡುತ್ತಿದ್ದದ್ದೂ ಅದನ್ನೇ. ಬಗ್ಗದ ಆ ಕಾರ್ಡು ತೂತಿನಿಂದ ಹೊರಬರುವಾಗ ಇಡೀ ಮೈಭಾರವನ್ನು ಹಲಗೆಯ ಮೇಲೆ ಹೇರಿ, ಅದರ ಬಾಯಿ ಮುಚ್ಚಿಸುತ್ತಿತ್ತು.

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ನಕ್ಕವಳು ಟೀಚರಮ್ಮ. ನಗುವಿನ ಜೊತೆ ಸಣ್ಣ ನೋವೂ ಇತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ. ಬೀದಿತುದಿಯ ಸೈಲೆನ್ಸರ್ ಹಿಡಿಯುವ ಕಿವಿಗೆ ತನ್ನ ಮೂಗಿನ ಮುಂದಿನ ಹಲಗೆ ಸಿಕ್ಕಿರಲಿಲ್ಲ. ಆದರೂ ಕೇಳಿದ್ದಂತೂ ಕೇಳಿದ್ದಳು. ಕಿವಿ ಮೋಸ ಮಾಡಿರಲಿಲ್ಲ, ಹೆಸರು ತಪ್ಪಿತ್ತು ಅಷ್ಟೆ.

"ನಾನು ಗೆದ್ದೆ," ಅಂದರು ಡಾಕ್ಟರು. "ಕಾರ್ಡಿಂದ ಏನೂ ಆಗಿಲ್ಲ."

"ನಾನು ಗೆದ್ದೆ. ಹೆಬ್ಬಾವನ್ನ ಒಂದು ಸಲನೂ ಬಿಟ್ಟಿಲ್ಲ."

"ಕೊನೇ ಸಲ ನನ್ನನ್ನ ಹೆಬ್ಬಾವು ಅಂದೆ," ಅಂದ ಗಂಡ.

ಅಷ್ಟರಲ್ಲಿ ಟೀಚರಮ್ಮನ ನಗು ಥಟ್ಟನೆ ನಿಂತಿತು. "ಅಲ್ಲ, ಇದನ್ನ ಮಾವನಿಗೆ ಹೇಗೆ ಹೇಳೋದು?"

ಅದು ಯಾರಿಗೂ ಹೊಳೆದಿರಲಿಲ್ಲ. ಕಪಾಟು ಎಂದರೆ ಮಾವನ ಜೀವ. ಅದರಲ್ಲಿ ಕುಂದಿದೆ ಎನ್ನುವುದು ಹೇಗೆ? "ಹೇಳೋದೇ ಬೇಡ," ಅಂದ ಗಂಡ. "ಹೆಬ್ಬಾವನ್ನ ಕೊಂಡ್ಕೊಂಡುಬಿಡು. ಅಪ್ಪನ ಮನಸ್ಸು ಉಳಿಯುತ್ತೆ."

"ಹಲಗೆ ಅಲುಗದ ಹಾಗೆ ಇಡೋಕೆ ಅಷ್ಟು ದುಬಾರಿ ಕಾರ್ಡಾ? ಒಂದು ಇಟ್ಟಿಗೆ ಸಾಕು ಭಾವ!"

ಮುಂಬಾಗಿಲು ತೆರೆದ ಸದ್ದಾಯಿತು. ಚೆಸ್ಸಿನಲ್ಲಿ ಬೇಗ ಗೆದ್ದೋ, ಬೇಗ ಸೋತೋ ಮಾವ ಬಂದುಬಿಟ್ಟಿದ್ದರು. ಮೂವರೂ ಗಡಬಡಿಸಿ ಎದ್ದರು. ಡಾಕ್ಟರು ಕಪಾಟಿಗೆ ಮೊಣಕೈ ಊರಿ ಕಿಟಕಿಯಾಚೆ ನೋಡಿದರು. ಗಂಡ ಹಲಗೆಗೆ ಬೆನ್ನು ಕೊಟ್ಟು ನಿಂತ. ಟೀಚರಮ್ಮನ ಕುತ್ತಿಗೆಯಲ್ಲಿ ಟವೆಲು ಇನ್ನೂ ನೇತಾಡುತ್ತಿತ್ತು.

"ಏನಾಗ್ತಿದೆ ಇಲ್ಲಿ?" ಅಂದರು ಮಾವ. "ಕಪಾಟು ಯಾಕೆ ಕೋಣೆ ಮಧ್ಯೆ ನಿಂತಿದೆ?"

"ಕಸ ಗುಡಿಸ್ತಿದ್ವಿ ಮಾವ," ಅಂದಳು ಟೀಚರಮ್ಮ.

"ಡಾಕ್ಟರ ಕೈಲಿ ಕಸ ಗುಡಿಸ್ತೀಯಾ? ಬಕೀಟು ಬೇರೆ!"

ಡಾಕ್ಟರಿಗೆ ಜಗತ್ತಿನಲ್ಲಿ ಎಲ್ಲ ಬರುತ್ತದೆ, ಹೊಟ್ಟೆಯಲ್ಲಿ ಮಾತು ಇಟ್ಟುಕೊಳ್ಳುವುದೊಂದು ಬರುವುದಿಲ್ಲ. "ಮಾವ, ನಿಮ್ಮ ಕಪಾಟಿನ ಹಿಂದಿನ ಹಲಗೆ ಅದುರುತ್ತೆ," ಎಂದು ಉಸುರಿಬಿಟ್ಟರು. ಟೀಚರಮ್ಮ ಕಣ್ಣು ಮುಚ್ಚಿಕೊಂಡಳು.

ಮಾವ ನಿಧಾನವಾಗಿ ಕಪಾಟಿನ ಹಿಂದೆ ಹೋಗಿ, ಮಗನನ್ನು ಪಕ್ಕಕ್ಕೆ ಸರಿಸಿ, ಹಲಗೆಯ ಮೇಲೆ ಕಿವಿಯಿಟ್ಟರು. ಹಾಡು ಇನ್ನೂ ನಡೆಯುತ್ತಿತ್ತು.

"ಈ ಝುಯ್ ಅನ್ನೋದಾ?" ಅಂದರು. "ಇದನ್ನ ನಾನು ಆವತ್ತಿಂದ ಕೇಳ್ತಿದೀನಲ್ಲ!"

"ನಿಮಗೆ ಗೊತ್ತಿತ್ತಾ ಮಾವ?"

"ಹಲಗೆ ಅಂತ ಗೊತ್ತಿರ್ಲಿಲ್ಲಮ್ಮ. ನಿನ್ನ ಮಿಷನ್ನಿನ ದನಿಯೇ ಹಂಗೆ ಅಂದ್ಕೊಂಡಿದ್ದೆ. ಅಷ್ಟು ಆಸೆಪಟ್ಟು ತಂದಿದೀಯ, ಅದು ಗೊರಗೊರ ಅನ್ನುತ್ತೆ ಅಂತ ಹೇಳಿದ್ರೆ ನಿಂಗೆ ಬೇಜಾರಾಗಲ್ವಾ? ಅದಕ್ಕೇ ಸುಮ್ನಿದ್ದೆ."

ಟೀಚರಮ್ಮ ಹಣೆ ಹಣೆ ಬಡಿದುಕೊಂಡಳು. ಸೊಸೆಗೆ ನೋವಾದೀತೆಂದು ಮಾವ ಸುಮ್ಮನೆ, ಮಾವನಿಗೆ ನೋವಾದೀತೆಂದು ಈಗ ಸೊಸೆ ಸುಮ್ಮನೆ. ನಡುವೆ ದುಂಬಿ ಮಾತ್ರ ಯಾರ ಮುಲಾಜೂ ಇಲ್ಲದೆ ಹಾಡಿಕೊಂಡಿತ್ತು.

"ಬೇಜಾರಾಯ್ತಾ ಮಾವ?"

"ಯಾಕೆ ಬೇಜಾರು? ಮರ ಅಂದ್ಮೇಲೆ ಒಣಗುತ್ತೆ, ಕುಗ್ಗುತ್ತೆ. ನಾನು ಕುಗ್ಗಿಲ್ವಾ?" ಮಾವ ಸ್ಟೂಲೊಂದನ್ನು ಎಳೆದುಕೊಂಡು ಕೂತರು. ಅದು ಎಂದಿನಂತೆ ಒಂದು ಕಡೆ ವಾಲಿತು. ಅವರ ಮುಖ ಮಾತ್ರ ಸ್ವಲ್ಪ ಗಂಭೀರವಾಯಿತು. "ಬೇಜಾರು ಬೇರೆ ಇದೆ. ಇಷ್ಟು ವರ್ಷದಿಂದ ಏನೇನೋ ಮಾಡಿದೀನಿ. ಎಲ್ಲಾದಕ್ಕೂ ನೀವು 'ಚೆನ್ನಾಗಿದೆ, ಚೆನ್ನಾಗಿದೆ' ಅಂತ ಒಂದೇ ರಾಗ. ಇಲ್ಲಿ ಸರಿಯಿಲ್ಲ, ಅಲ್ಲಿ ಸೊಟ್ಟ ಅಂತ ಒಬ್ಬರಾದ್ರೂ ಅಂದ್ರಾ? ಮುದುಕನ ಆಟ ಆಡ್ಕೊಳ್ಳಲಿ ಅಂತ ಬಿಟ್ಟುಬಿಟ್ರಿ. ಹಂಗಾದ್ರೆ ನಾನು ಕಲಿಯೋದು ಯಾವಾಗ?"

ಟೀಚರಮ್ಮ ಕುತ್ತಿಗೆಯ ಟವೆಲನ್ನು ತೆಗೆದು ಮಡಚಿದಳು. ತನ್ನ ಬಳಿ ಕಲಿಯಲು ಬಂದ ಯಾರಿಗೂ ಅವಳು ಇಲ್ಲದ ಹೊಗಳಿಕೆ ಹೇಳಿದವಳಲ್ಲ. ಗೇರು ತಪ್ಪಿದರೆ ತಪ್ಪಿತು ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿದ್ದಳು. ಅವರು ಕಲಿಯುತ್ತಾರೆ ಎಂಬ ನಂಬಿಕೆಯಿಂದಲೇ ಹೇಳುತ್ತಿದ್ದಳು. ಮನೆಯಲ್ಲಿದ್ದ ಈ ವಿದ್ಯಾರ್ಥಿಗೆ ಮಾತ್ರ ಆ ಮರ್ಯಾದೆ ಕೊಟ್ಟಿರಲಿಲ್ಲ.

"ಮಾವ," ಅಂದಳು, "ನೀವು ಕೂತಿರೋ ಸ್ಟೂಲು ಕುಂಟುತ್ತೆ."

ಮಾವನ ಕಣ್ಣು ಅರಳಿತು. "ಹೌದಾ? ನೆಲ ಸೊಟ್ಟ ಅಂದ್ಕೊಂಡಿದ್ದೆ. ಮತ್ತೆ?"

"ಅಡುಗೆಮನೆ ಶೆಲ್ಫಿಂದ ಈರುಳ್ಳಿ ಉರುಳಿ ಬೀಳುತ್ತೆ."

"ಅಪ್ಪಾ, ನನ್ನ ಅಂಗಡಿಗೆ ಮಾಡಿಕೊಟ್ಟ ಡ್ರಾಯರ್ ಇದೆಯಲ್ಲ," ಅಂದ ಮಗ, "ಒಂದು ಸಲ ಮುಚ್ಚಿದ್ರೆ ಸಾಯಂಕಾಲದವರೆಗೂ ತೆಗೆಯೋಕಾಗಲ್ಲ."

"ಡಾಕ್ಟರೇ, ನಿಮ್ಮ ಕ್ಲಿನಿಕ್ಕಿನ ಬೆಂಚು?"

"ಅದನ್ನ ಮುಟ್ಟಬೇಡಿ ಮಾವ, ಅದು ಬಂಗಾರ! ಮೊದಲೆಲ್ಲ ರೋಗಿಗಳನ್ನ ಒಳಗೆ ಕರೆದ್ರೆ ಹೆದರಿ ಎದ್ದೇಳ್ತಾ ಇರ್ಲಿಲ್ಲ. ನಿಮ್ಮ ಬೆಂಚು ಹಾಕಿದ ಮೇಲೆ ಹೆಸರು ಕರೆಯೋದೇ ತಡ, ಓಡಿ ಬಂದು ಕುರ್ಚೀಲಿ ಮಲಗಿಬಿಡ್ತಾರೆ."

ಮಾವ ನಕ್ಕ ನಗೆಗೆ ಸ್ಟೂಲು ಇನ್ನಷ್ಟು ವಾಲಿತು. ನಾಲ್ವರೂ ಮಧ್ಯಾಹ್ನದ ಊಟಕ್ಕೆ ಕೂತಾಗಲೂ ಅದೇ ಮಾತು. ಒಬ್ಬೊಬ್ಬರೂ ಮುಚ್ಚಿಟ್ಟುಕೊಂಡಿದ್ದ ದೂರುಗಳನ್ನು ಹಬೆಯಾಡುವ ಅನ್ನದ ಜೊತೆ ಹೊರತೆಗೆದರು. ಮಾವ ಒಂದೊಂದಕ್ಕೂ, "ಮತ್ತೆ? ಮತ್ತೆ?" ಅನ್ನುತ್ತ ಇನ್ನೆರಡು ತುತ್ತು ಹೆಚ್ಚಿಗೆ ಉಂಡರು. ಪಂದ್ಯ ಯಾರು ಗೆದ್ದರೆಂಬುದು ತೀರ್ಮಾನವಾಗಲಿಲ್ಲ. ಊಟದ ಮೇಲೆ ಅಕ್ಕ ತಮ್ಮ ಇಬ್ಬರೂ ಬೀದಿಯಲ್ಲಿ ನಿಂತು ಎರಡೂ ಕಾರು ತೊಳೆದರು, ಒಬ್ಬರ ಮೇಲೊಬ್ಬರು ನೀರು ಎರಚಿಕೊಂಡು.

ಸೋಮವಾರ ಪಾಠದ ಹೊತ್ತಿಗೆ ಟೀಚರಮ್ಮ ಮೂರು ಕಾರ್ಡುಗಳನ್ನೂ ಜೋಪಾನವಾಗಿ ಸುತ್ತಿ ಆಡಿಯೋ ಅಂಗಡಿಯ ಮಾಲೀಕರಿಗೆ ಮರಳಿಸಿದಳು. ನಡೆದದ್ದನ್ನು ಒಂದೂ ಬಿಡದೆ ಹೇಳಿದಳು. ಅವರು ಕಾರನ್ನು ರಸ್ತೆಬದಿಗೆ ತಂದು, ಮೊದಲ ಬಾರಿಗೆ ಜರ್ಕು ಹೊಡೆಯದೆ ನಿಲ್ಲಿಸಿದರು.

"ಅಂದ್ರೆ ಹೆಬ್ಬಾವು ಹಾಕಿದ್ರೆ ಸೌಂಡು ಸುಧಾರಿಸಿತು ಅನ್ನೋದು ನಿಜ ತಾನೇ?"

"ನಿಜ. ನಮ್ಮ ಯಜಮಾನರು ಬೆನ್ನು ಕೊಟ್ಟು ಕೂತರೂ ಸುಧಾರಿಸುತ್ತೆ."

"ಅವರನ್ನ ಮಾರೋಕಾಗಲ್ಲ ಮೇಡಂ," ಅಂದರು ಮಾಲೀಕರು ನಿಟ್ಟುಸಿರು ಬಿಟ್ಟು. ಆಮೇಲೆ ಇಂಜಿನ್ ಆರಿಸಿ, "ಒಂದು ಸಲ ಬಂದು ನನ್ನ ಅಂಗಡಿ ಕಪಾಟುಗಳಿಗೂ ಕಿವಿ ಇಡ್ತೀರಾ?" ಅಂದರು.

ಹೊಸ ಹಲಗೆ ತರಲು ಮಾವ ಸೊಸೆಯನ್ನೇ ಕರೆದರು. ಆ ಶನಿವಾರ ಇಬ್ಬರೂ ಮರದ ಮಳಿಗೆಗೆ ಹೋದರು. ಎತ್ತರದ ಶೆಡ್ಡು, ಒಳಗೆ ಮರದ ಪುಡಿಯ ಸಿಹಿ ವಾಸನೆ, ಗೋಡೆಯುದ್ದಕ್ಕೂ ಒರಗಿಸಿಟ್ಟ ಹಲಗೆಗಳು. ಮಳಿಗೆಯವನು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಬಂದು, ದಪ್ಪ ಎಷ್ಟು, ಅಗಲ ಎಷ್ಟು ಎಂದು ಕೇಳಿದ.

"ಅದೆಲ್ಲ ಆಮೇಲೆ," ಅಂದರು ಮಾವ. "ಮೊದಲು ಸದ್ದು ಹೇಗಿದೆ ನೋಡ್ತೀವಿ." ಬೆರಳ ಗೆಣ್ಣಿನಿಂದ ಮೊದಲನೆಯ ಹಲಗೆಯನ್ನು ತಟ್ಟಿದರು.

ಟೀಚರಮ್ಮ ತಲೆ ಓರೆ ಮಾಡಿ ಕೇಳಿದಳು. "ಇದು ಗಂಟೆ ಹೊಡೆದ ಹಾಗೆ ಎಳೀತಾ ಹೋಗುತ್ತೆ ಮಾವ. ಬೇಡ."

ಇನ್ನೊಂದು. "ಪೊಳ್ಳು."

ಮತ್ತೊಂದು. "ಪರವಾಗಿಲ್ಲ. ಆದ್ರೆ ಈ ಕಡೆ ಬೇರೆ ಸದ್ದು ಬರ್ತಿದೆ, ಗಂಟಿದೆ ಅನ್ಸುತ್ತೆ."

ಮಳಿಗೆಯವನು ಬಾಯಿ ಬಿಟ್ಟುಕೊಂಡು ನೋಡಿದ. ಅವನು ತನ್ನ ಜೀವನದಲ್ಲಿ ಮರವನ್ನು ಅಳೆದು ಕೊಂಡವರನ್ನು ಕಂಡಿದ್ದ, ಮೂಸಿ ಕೊಂಡವರನ್ನೂ ಕಂಡಿದ್ದ. ಮಾವ ಸೊಸೆ ಸಾಲಿನುದ್ದಕ್ಕೂ ತಟ್ಟುತ್ತ, ಕೇಳುತ್ತ, ಜಗಳವಾಡುತ್ತ ಹೋದರು. ಮಾವ ಚೆನ್ನಾಗಿದೆ ಅಂದದ್ದನ್ನು ಸೊಸೆ ಮುಲಾಜಿಲ್ಲದೆ ತಳ್ಳಿಹಾಕಿದಳು. ಸೊಸೆ ಒಪ್ಪಿದ್ದನ್ನು ಮಾವ, "ಇದಕ್ಕೆ ಮೊಳೆ ಹೊಡೆದ್ರೆ ಸೀಳುತ್ತೆ, ನಿಂಗೇನು ಗೊತ್ತು?" ಎಂದು ಗದರಿಸಿ ಬಿಟ್ಟರು. ಗದರಿಸುವಾಗ ಅವರ ದನಿಯಲ್ಲಿದ್ದ ಉಲ್ಲಾಸ ಕೇಳಿ ಟೀಚರಮ್ಮನಿಗೆ ಹಾಯೆನಿಸಿತು.

ಕೊನೆಗೆ ಮಳಿಗೆಯವನಿಗೂ ತಡೆಯಲಾಗಲಿಲ್ಲ. ಒಳಗಿನ ಮೂಲೆಗೆ ಹೋಗಿ, ಹಲಗೆಯೊಂದನ್ನು ಎಳೆದು ತಂದು, ತಾನೇ ಅದರ ಮೇಲೆ ಬೆರಳು ಬಡಿದ.

"ಮೇಡಂ, ಇದನ್ನ ಕೇಳಿ," ಅಂದ.